ವೋಬ್ರೂನ್‌ನ ಕಸಿಕಡ್ಡಿ

ಶಾತೋ ವೋಬ್ರೂನ್, ಲಿಬೂರ್ನ್ ಹತ್ತಿರ
ಫೆಬ್ರವರಿ 12, 1956

ಮೈಲಿಸ್,

ಹೊಸ ವರ್ಷದ ಪತ್ರ ಹಾಕಿ ಆರು ವಾರ ಆಗಿಲ್ಲ, ಇಷ್ಟು ಬೇಗ ಇನ್ನೊಂದು ಯಾಕೆ ಬಂತು ಎಂದು ಗಾಬರಿಯಾಗಬೇಡ. ನಾನು ಗಟ್ಟಿಮುಟ್ಟಾಗಿದ್ದೇನೆ. ಚಳಿ ಬಿದ್ದಿದೆ, ಅಷ್ಟೇ.

ಜನವರಿ ತಿಂಗಳಿಡೀ ಎಳೆಬಿಸಿಲು. ಸಂತ ವಿನ್ಸೆಂಟನ ಹಬ್ಬಕ್ಕೆ ಕೋಟು ಹಾಕದೆ ಇಗರ್ಜಿಗೆ ಹೋಗಿ ಬಂದೆವು. ದ್ರಾಕ್ಷಿ ಬಳ್ಳಿಗಳು ವಸಂತ ಬಂದೇಬಿಟ್ಟಿತೆಂದು ನಂಬಿ ರಸ ಏರಿಸಿಕೊಂಡವು. ಈ ತಿಂಗಳ ಮೊದಲ ದಿನ ಸಂಜೆ ಗಾಳಿ ತಿರುಗಿತು. ಬೆಳಗಾಗುವಷ್ಟರಲ್ಲಿ ಅಡಿಗೆಮನೆಯ ಎಣ್ಣೆ ಗಟ್ಟಿಯಾಗಿತ್ತು. ದೊರ್ದೋಞ್ ನದಿಯಲ್ಲಿ ಮಂಜಿನ ಚಪ್ಪಡಿಗಳು ತೇಲುತ್ತಿವೆ. ಹಗಲು ಹೊತ್ತಲ್ಲೂ ತೋಟದಿಂದ ಪಟ್ ಪಟ್ ಎಂದು ಸದ್ದು. ಯಾರೋ ಮೊಲ ಹೊಡೆಯುತ್ತಿದ್ದಾರೆ ಅಂದುಕೊಂಡೆ. ಫಿರ್ಮಾಂ ಒಳಗೆ ಬಂದವನೇ ಟೋಪಿ ತೆಗೆದು, "ಬಳ್ಳಿ ಸೀಳ್ತಾ ಇದಾವೆ ಅಮ್ಮಾವ್ರೇ" ಅಂದ. ನಿನ್ನನ್ನು ಪೀಪಾಯಿಯ ಮೇಲೆ ಕೂರಿಸಿ ಆಡಿಸಿದ ಮುದುಕ, ಅವನು ನನ್ನೆದುರು ಟೋಪಿ ತೆಗೆದದ್ದು ನಿನ್ನ ಅಪ್ಪ ತೀರಿಕೊಂಡಾಗ ಒಮ್ಮೆ, ಈಗ ಒಮ್ಮೆ.

ಹಳೆ ತೋಟ ಹೇಗಿದೆಯೋ ಇನ್ನೂ ಗೊತ್ತಿಲ್ಲ. ವಿಷಯ ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ ಎಂದು ಬರೆದೆ.

ನಿನ್ನ ತಾಯಿ,
ಲಿಯೊಂತೀನ್


ಮಸ್ಕಾರ, ಅಲ್ಜೀರಿಯಾ
ಫೆಬ್ರವರಿ 27, 1956

ಪ್ರೀತಿಯ ಅಮ್ಮ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿದ ಕೂಡಲೇ ಕುರ್ಚಿ ಎಳೆದುಕೊಂಡು ಕೂತೆ. ಆರು ವರ್ಷದಲ್ಲಿ ಹೊಸ ವರ್ಷಕ್ಕಲ್ಲದೆ ನೀನು ಬರೆದದ್ದು ಅಪ್ಪ ಹೋದಾಗ ಮಾತ್ರ.

ಹಳೆ ತೋಟದ ಸುದ್ದಿ ಸರಿಯಾಗಿ ಬರಿ. ಕಾಂಡ ಗೀರಿದರೆ ಒಳಗೆ ಹಸಿರಿದೆಯೋ ಕಂದು ಬಣ್ಣವೋ? ಬುಡಕ್ಕೆ ಮಣ್ಣು ಏರಿಸಿದ್ದೀರಾ? ಇಲ್ಲಿ ಬಾದಾಮಿ ಹೂ ಬಿಟ್ಟಿದೆ. ಅದನ್ನು ನೋಡಿದರೆ ನಾಚಿಕೆಯಾಗುತ್ತದೆ.

ನಿನ್ನ ಪತ್ರ ಓದಿ ರಮೋನ್ ಹೇಳಿದ: "ನಿಮ್ಮಮ್ಮಂಗೆ ಬರಿ. ನಮ್ಮ ನೆಲಮಾಳಿಗೆ ತುಂಬಾ ವೈನಿದೆ. ಎಷ್ಟು ಬೇಕೋ ಅಷ್ಟು ಕಳಿಸ್ತೀನಿ. ಬಳ್ಳಿ ಮತ್ತೆ ಏಳೋ ತನಕ ಮನೆ ನಡೀಲಿ." ಅವನು ಒಳ್ಳೆಯ ಮನಸ್ಸಿನಿಂದ ಹೇಳಿದ್ದು, ಅಮ್ಮ. ಕೋಪ ಮಾಡಿಕೊಳ್ಳಬೇಡ. ನಾವು ಚೆನ್ನಾಗಿದ್ದೇವೆ. ಫ್ರೆಂಚರು ಈ ದೇಶ ಬಿಟ್ಟು ಹೋಗಲಿ ಎಂದು ಅಲ್ಲಲ್ಲಿ ಗಲಾಟೆ ಇದೆ ಅನ್ನುತ್ತಾರೆ, ಆದರೆ ದೂರ.

ನಿನ್ನ ಮಗಳು,
ಮೈಲಿಸ್


ವೋಬ್ರೂನ್
ಮಾರ್ಚ್ 18, 1956

ಮೈಲಿಸ್,

ನಿನ್ನ ಮಸ್ಕಾರದ ಗಂಡನಿಗೆ ಹೇಳು, ಕೋಪ ಮಾಡಿಕೊಳ್ಳಲಿಲ್ಲ. ಪತ್ರ ಮಡಚಿಟ್ಟು ಹಂಚಿನ ಮೇಲಿದ್ದ ಹಂದಿಮಾಂಸ ಸೀಯುವವರೆಗೂ ಅಡಿಗೆಮನೆಯಲ್ಲಿ ಶತಪಥ ತಿರುಗಿದೆ, ಅಷ್ಟೇ.

ಅವನೊಬ್ಬನೇ ಅಲ್ಲ ಬಿಡು. ಹೋದ ವಾರ ಲಿಬೂರ್ನ್‌ನ ವೈನ್ ವ್ಯಾಪಾರಿಯೊಬ್ಬ ಕೈಗವಸು ಹಾಕಿಕೊಂಡು ಬಂದಿದ್ದ. ನನ್ನ ಸೂಪು ಕುಡಿದು, ಬಟ್ಟಲಿನ ತಳಕ್ಕೆ ವೈನು ಸುರಿದು ಅದನ್ನೂ ಕುಡಿದು, ಮೀಸೆ ಒರೆಸಿಕೊಂಡು ಅಂದ: "ಮೇಡಂ, ಲೇಬಲ್ಲು ನಿಮ್ದು ಇರ್ಲಿ. ಒಳಗಿನ ವಿಚಾರ ನಾನು ನೋಡ್ಕೋತೀನಿ. ಎಲ್ರೂ ಮಾಡೋದೇ." ಒಳಗಿನ ವಿಚಾರ ಅಂದರೆ ನಿಮ್ಮ ಕಡೆಯ ಕಪ್ಪು ವೈನು. ಬಡಕಲು ಬೋರ್ದೋ ವೈನಿಗೆ ಅದನ್ನು ಬೆರೆಸಿ ಬಣ್ಣ ಬರಿಸುತ್ತಾರೆ ಎಂದು ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾನೇ ಅವನ ಟೋಪಿ ತಂದು ಕೈಗೆ ಕೊಟ್ಟೆ.

ಈ ಮನೆ ಎಂಥದ್ದು ಎಂದು ಅವನಿಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತಿರಬೇಕು. ಶಾತೋ ಅಂದರೆ ಅರಮನೆ ಎಂದುಕೊಂಡು ಪ್ಯಾರಿಸ್ಸಿನವರು ಬರುತ್ತಾರೆ. ಕೋಳಿಗೂಡು, ಸೋರುವ ಮಾಡು, ಪಂಪಿನ ಹತ್ತಿರ ಪಾತ್ರೆ ತೊಳೆಯುವ ನನ್ನನ್ನು ನೋಡಿ ಪೆಚ್ಚಾಗುತ್ತಾರೆ. ಆಮೇಲೆ ಒಂದು ಲೋಟ ಕುಡಿದು ಟೋಪಿ ತೆಗೆಯುತ್ತಾರೆ. ಹಿಂದಿನ ಶತಮಾನದಲ್ಲಿ ಬೇರುಹುಳು ಬಂದು ಫ್ರಾನ್ಸಿನ ಬಳ್ಳಿಗಳನ್ನೆಲ್ಲ ತಿಂದು ಹಾಕಿದಾಗ ನಿನ್ನ ಅಪ್ಪನ ಅಜ್ಜಿ ಯುಲಾಲಿ, ಮೂವತ್ತು ವರ್ಷದ ವಿಧವೆ, ಆ ಹುಳುವಿಗೆ ಜಗ್ಗದ ಅಮೆರಿಕದ ಬೇರುಗಿಡ ತರಿಸಿ ನಮ್ಮ ಬಳ್ಳಿಯ ಕಡ್ಡಿಗಳನ್ನು ಅದರ ಮೇಲೆ ತನ್ನ ಕೈಯಿಂದಲೇ ಕಸಿ ಕಟ್ಟಿದಳು. ಹಾಗೆ ಎದ್ದದ್ದು ಹಳೆ ತೋಟ. ಕೊಯ್ಲಿಗೆ ಮೊದಲು ಮನೆಯ ಹೆಂಗಸರು ಸಾಲಿನಲ್ಲಿ ನಡೆದು, ಒಳ್ಳೆಯ ಬಳ್ಳಿಗೆ ಕೆಂಪು ಉಣ್ಣೆ ಕಟ್ಟಿ, ಅದರ ಕಡ್ಡಿಯನ್ನೇ ಹೊಸ ಕಸಿಗೆ ಇಡುವ ಪದ್ಧತಿ ಶುರುಮಾಡಿದ್ದೂ ಅವಳೇ. ಒಂದು ವರ್ಷ ವೈನು ಕೆಟ್ಟಿತೆಂದು ಇಡೀ ಬೆಳೆಯನ್ನು ಚರಂಡಿಗೆ ಬಿಡಿಸಿದಳಂತೆ. ವೋಬ್ರೂನ್ ಕಡ್ಡಿ ವೋಬ್ರೂನ್ ಬಿಟ್ಟು ಹೊರಗೆ ಹೋಗಬಾರದು, ಹೊರಗಿನ ಹನಿ ಒಳಗೆ ಬರಬಾರದು ಎಂದು ಅವಳು ಹೇಳಿದ್ದನ್ನು ಮೂರು ತಲೆಮಾರು ನಡೆಸಿಕೊಂಡು ಬಂದಿದ್ದೇವೆ. ನಾನು ಅದನ್ನು ಕೆಡಿಸುವವಳಲ್ಲ.

ಹಸಿರೋ ಕಂದೋ ಎಂದು ಕೇಳಿದೆ. ಕಂದು. ಆದರೂ ಮೇ ತಿಂಗಳವರೆಗೆ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ನಿನ್ನ ತಾಯಿ


ವೋಬ್ರೂನ್
ಮೇ 20, 1956

ಮೈಲಿಸ್,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುವಂಥ ಪತ್ರವೂ ಆಗಿರಲಿಲ್ಲ ಅದು.

ಇವತ್ತು ಬರೆಯುವುದನ್ನು ಓದಿ ಬೇಕಾದರೆ ನಗು. ಹೋದ ಭಾನುವಾರ ಪೂಜೆ ಮುಗಿಸಿ ಬರುವಾಗ ಬೇಲಿಯಾಚೆಯ ಲಾಬಾ ಕೈ ಬೀಸಿಕೊಂಡು ಓಡಿಬಂದ. "ಚಿಗುರಿದೆ! ಲಿಯೊಂತೀನ್, ನಿಮ್ಮ ಹಳೆ ತೋಟ ಚಿಗುರಿದೆ!" ಹಬ್ಬದ ಬೂಟು ಹಾಕಿಕೊಂಡೇ ಕೆಸರಿಗೆ ಇಳಿದೆ. ಹೌದು, ಸತ್ತ ಕಾಂಡಗಳ ಬುಡದಲ್ಲಿ, ಮಣ್ಣು ಸೀಳಿಕೊಂಡು, ಎಳೆ ಹಸಿರು. ಒಂದಲ್ಲ ಎರಡಲ್ಲ, ಸಾಲಿಗೆ ಸಾಲು. ನಾನು ಅಲ್ಲೇ ಮಂಡಿಯೂರಿದೆ. ಲಾಬಾ ಅತ್ತುಬಿಟ್ಟ, ಜಮೀನಿನ ಗಡಿಗಾಗಿ ಹತ್ತು ವರ್ಷ ನನ್ನ ಮೇಲೆ ಹಲ್ಲು ಮಸೆದವನು. ನೆಲಮಾಳಿಗೆಯಿಂದ ಯುದ್ಧಕ್ಕೆ ಮುಂಚಿನ ಬಾಟಲಿ ತರಿಸಿದೆ. ಫಿರ್ಮಾಂ, ಲಾಬಾ, ಅವನ ಹೆಂಡತಿ, ನಾಯಿ, ಎಲ್ಲರೂ ಸಾಲಿನ ಮಧ್ಯೆ ನಿಂತು ಕುಡಿದೆವು. ನಾಯಿಗೆ ಕೊಡಲಿಲ್ಲ.

ಎರಡನೇ ಲೋಟಕ್ಕೆ ಕೈ ಚಾಚಿದವಳು ಒಂದು ಎಲೆ ಕಿತ್ತು ನೋಡಿದೆ. ನುಣ್ಣಗೆ ಹೊಳೆಯುತ್ತಿತ್ತು. ನಮ್ಮ ಎಲೆಯ ಬೆನ್ನಿಗೆ ಬೂದಿಯಂಥ ತುಪ್ಪುಳ ಇರುತ್ತದಲ್ಲ, ಅದಿಲ್ಲ. ಇನ್ನೊಂದು ಕಿತ್ತೆ. ಅದೂ ಹಾಗೇ. ಫಿರ್ಮಾಂನ ಕಡೆ ನೋಡಿದೆ, ಅವನು ಲೋಟ ಕೆಳಗಿಟ್ಟ.

ಅಮೆರಿಕದ ಬೇರು ಚಿಗುರಿತ್ತು, ಮಗಳೇ. ಕಸಿಯ ಮೇಲಿದ್ದ ನಮ್ಮದೆಲ್ಲ ಸತ್ತಿದೆ, ಕೆಳಗಿನ ಕಾಡುಗಿಡ ಬದುಕಿದೆ. ಐವತ್ತು ವರ್ಷ ಬಳ್ಳಿಗಳ ಮಧ್ಯೆ ಬಾಳಿದ ನಾನು ಆ ಕಾಡು ಎಲೆಗೆ ಮುತ್ತಿಟ್ಟೆ. ಲಾಬಾನ ಹೆಂಡತಿ ಇನ್ನೂ ಸಂತೋಷದಲ್ಲಿ ಹಾಡುತ್ತಿದ್ದಳು. ನಿಲ್ಲಿಸು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಸರ್ಕಾರದ ತೋಟಗಾರಿಕೆಯವನು ಬಂದು ಹೇಳಿ ಹೋದ: "ಕಿತ್ತು ಹಾಕಿ ಮೇಡಂ. ದಕ್ಷಿಣದ ನರ್ಸರಿಯಿಂದ ಹೊಸ ಸಸಿ ಬರುತ್ತೆ." ಎಲ್ಲರೂ ಕೀಳಿಸುತ್ತಿದ್ದಾರೆ. ಸತ್ತ ಬಳ್ಳಿಯ ಕೆಂಡದ ಮೇಲೆ ಮಾಂಸ ಸುಡುವ ವಾಸನೆ ಊರೆಲ್ಲ. ಆ ಮುದಿ ಬೇರುಗಳಲ್ಲಿ ಇನ್ನೂ ಜೀವವಿದೆ, ಗಟ್ಟಿಮಣ್ಣಿನ ಆಳಕ್ಕೆ ಇಳಿದ ಬೇರು ಅವು. ಕಾಡುಚಿಗುರು ಸವರಿ ಅದರ ಮೇಲೆ ನಮ್ಮ ಕಡ್ಡಿಯನ್ನೇ ಮತ್ತೆ ಕಸಿ ಕಟ್ಟಿದರೆ ಹಳೆ ತೋಟ ಏಳುತ್ತದೆ. ಆದರೆ ಕಡ್ಡಿ ಎಲ್ಲಿ? ವೋಬ್ರೂನ್‌ನಲ್ಲಿ ಜೀವವಿರುವ ಒಂದು ಚಿಗುರುಗಣ್ಣೂ ಇಲ್ಲ. ಹೊರಗೆ ಯಾರಿಗೂ ಕೊಟ್ಟಿಲ್ಲ, ಕೊಡಬಾರದೆಂಬ ಹಟ. ಆ ಹಟವೇ ಈಗ ನಮ್ಮನ್ನು ನುಂಗುತ್ತಿದೆ.

ಮುಂದಿನ ವಸಂತದವರೆಗೆ ಬೇರುಗಳನ್ನು ಹಾಗೇ ಬಿಡುತ್ತೇನೆ. ಆಮೇಲೆ ನಾನೂ ಕೀಳಿಸುತ್ತೇನೆ. ಬಾಟಲಿಯ ಮೇಲೆ ವೋಬ್ರೂನ್ ಎಂದೇ ಇರುತ್ತದೆ. ಒಳಗೆ ಏನೋ ಒಂದು ಇರುತ್ತದೆ.

ನಿನ್ನ ತಾಯಿ


ಮಸ್ಕಾರ
ಜೂನ್ 3, 1956

ಅಮ್ಮ,

ಇದನ್ನು ಓದುವ ಮೊದಲು ಕೂತುಕೋ. ಫಿರ್ಮಾಂನನ್ನು ಹೊರಗೆ ಕಳಿಸು.

ವೋಬ್ರೂನ್‌ನ ಕಡ್ಡಿ ಇದೆ. ನನ್ನ ಅಡಿಗೆಮನೆಯ ಕಿಟಕಿಯಾಚೆ ಒಂದು ಉದ್ದನೆಯ ಸಾಲು.

ನನ್ನ ಮದುವೆಗೆ ನೀನು ಬರಲಿಲ್ಲ. ಅಪ್ಪ ಲಿಬೂರ್ನ್ ಸ್ಟೇಷನ್ನಿಗೆ ಬಂದು, ರೈಲು ಹೊರಡುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಟ್ಟು ಕಿಟಕಿಯಿಂದ ಒಳಗೆ ತುರುಕಿದರು. "ನಿಂಗೆ ಕೊಡೋಕೆ ಇನ್ನೇನಿದೆ ನನ್ಹತ್ರ? ಹಳೆ ತೋಟದ್ದು, ಕೆಂಪು ಉಣ್ಣೆ ಕಟ್ಟಿದ್ ಬಳ್ಳೀದೇ. ಅಮ್ಮಂಗೆ ಹೇಳ್ಬೇಡ. ಗೊತ್ತಾದ್ರೆ ನನ್ನನ್ನೂ ನಿನ್ ಜೊತೆ ಹಡಗು ಹತ್ತಿಸ್ತಾಳೆ." ಅವರೇ ಕಲಿಸಿದ ಹಾಗೆ ಇಲ್ಲಿಯ ಬೇರುಗಿಡದ ಮೇಲೆ ಕಸಿ ಕಟ್ಟಿದೆ. ಎಲ್ಲ ಹಿಡಿಯಿತು. ರಮೋನ್‌ನ ಅಪ್ಪ ನೋಡಿ ನಕ್ಕಿದ್ದರು, ಇಷ್ಟು ಪುಟ್ಟ ಗೊಂಚಲು ಬಿಡುವ ಬಳ್ಳಿ ಯಾರ ಹೊಟ್ಟೆ ತುಂಬಿಸುತ್ತದೆ ಎಂದು. ಇಲ್ಲಿಯ ಬಿಸಿಲಿಗೆ ಅದರ ಹಣ್ಣು ಜಾಮಿನಂತಾಗುತ್ತದೆ, ವೈನಿಗೆ ಬಾರದು. ಆದರೂ ವರ್ಷ ವರ್ಷ ನಾನೇ ಕಡ್ಡಿ ಕತ್ತರಿಸಿ ಸವರುತ್ತೇನೆ. ಮನೆ ನೆನಪಾದಾಗ ಎಲೆಯ ಬೆನ್ನು ಸವರಿ ನೋಡುತ್ತೇನೆ. ಬೂದಿಯಂಥ ತುಪ್ಪುಳ ಇದೆ, ಅಮ್ಮ.

ಈಗ ಬಯ್ಯಿ.

ಮೈಲಿಸ್


ವೋಬ್ರೂನ್
ಜೂನ್ 16, 1956

ಮೈಲಿಸ್,

ನಿನ್ನ ಅಪ್ಪನ ಸಮಾಧಿಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದು ಬಂದೆ. ಮೂವತ್ತೈದು ವರ್ಷ ಒಂದೇ ಮೇಜಿನಲ್ಲಿ ಉಂಡು, ಕಳ್ಳ, ಮುಖದಲ್ಲಿ ಏನೂ ತೋರಿಸಲಿಲ್ಲ! ಪಾದ್ರಿಗಳು ಕಿಟಕಿ ಮುಚ್ಚಿಕೊಂಡರು. ವಾಪಸು ಬರುವಾಗ ದಾರಿಯಲ್ಲಿ ನಗು ಬಂತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಈಗ ಕೇಳು. ಹಸಿರು ಕಡ್ಡಿ ಪ್ರಯೋಜನವಿಲ್ಲ. ಎಲೆ ಉದುರಿ ಬಳ್ಳಿ ಮಲಗಿದ ಮೇಲೆ, ಜನವರಿಯಲ್ಲಿ, ಬೆರಳ ಗಾತ್ರದ್ದು ಆರಿಸಿ ಕತ್ತರಿಸಬೇಕು. ಅಲ್ಲಿಯವರೆಗೆ ಆ ಸಾಲಿಗೆ ನೀರು ಹೆಚ್ಚು ಕೊಡಬೇಡ. ಆಡುಗಳನ್ನು ದೂರ ಇಡು. ಸಾಲು ಬೇಲಿಗೆ ಎಷ್ಟು ಹತ್ತಿರ? ಬೇಲಿ ಗಟ್ಟಿಯಿದೆಯೇ?

ಇಲ್ಲಿ ಯಾರಿಗೂ ಹೇಳಿಲ್ಲ. ಫಿರ್ಮಾಂಗೆ ಹೇಳಿದೆ. ಅವನು ಕಸಿ ಚಾಕು ಮಸೆಯುತ್ತ ಕೂತಿದ್ದಾನೆ, ಇನ್ನೂ ಏಳು ತಿಂಗಳಿದೆ ಅಂದರೂ ಕೇಳುವುದಿಲ್ಲ.

ನಿನ್ನ ತಾಯಿ


ಮಸ್ಕಾರ
ಅಕ್ಟೋಬರ್ 9, 1956

ಅಮ್ಮ,

ಸಾಲು ಚೆನ್ನಾಗಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೊಯ್ಲು ಮುಗಿಯಿತು, ಹೇಗೋ. ಪಕ್ಕದ ತೋಟದ ಬಳ್ಳಿಗಳನ್ನು ಬಂಡಾಯದವರು ರಾತ್ರೋರಾತ್ರಿ ಗರಗಸ ಹಾಕಿ ಕೊಯ್ದಿದ್ದಾರೆ. ಬೆಳಿಗ್ಗೆ ನೋಡಿದರೆ ಇಡೀ ಗುಡ್ಡದ ಬಳ್ಳಿ ನೆಲಕ್ಕೆ ಮಲಗಿತ್ತು. ಆ ಮನೆಯವರು ಓರಾನ್‌ಗೆ ಹೊರಟುಹೋದರು. ನಮ್ಮ ಮನೆಯ ಮಾಡಿನ ಮೇಲೆ ನಾಲ್ಕು ಜನ ಸಿಪಾಯಿಗಳಿದ್ದಾರೆ. ಅದರಲ್ಲೊಬ್ಬ ನಮ್ಮೂರ ಹತ್ತಿರದ ಬೆರ್ಜೆರಾಕ್‌ನವನು, ನನ್ನ ಹಾಗೇ ಮಾತಾಡುತ್ತಾನೆ. ಇಲ್ಲಿ ಯಾಕಿದ್ದೇನೆ ಎಂದು ಅವನಿಗೂ ಗೊತ್ತಿಲ್ಲ.

ಕದ್ದೂರ್ ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಮೇಸ್ತ್ರಿ. ಅವನನ್ನು ಒಂದು ದಿನ ನೇರವಾಗಿ ಕೇಳಿದೆ, ನಮ್ಮದನ್ನೂ ಕೊಯ್ಯುತ್ತಾರಾ ಎಂದು. "ನಂಗ್ಯಾಕೆ ಕೇಳ್ತೀರಾ ಮೇಡಂ?" ಅಂದ. "ಈ ನೆಲ್ದಲ್ಲಿ ನಮ್ಮಜ್ಜ ಗೋಧಿ ಬೆಳೀತಿದ್ದ. ಅದನ್ನ ನೀವ್ಯಾರೂ ಯಾವತ್ತೂ ಕೇಳ್ಲಿಲ್ವಲ್ಲ." ರಮೋನ್ ಇಲ್ಲೇ ಹುಟ್ಟಿದವನು, ಅವನ ತಾಯಿಯ ಸಮಾಧಿ ಇಲ್ಲೇ ಇದೆ. ನಾನು ಯಾರ ಪರ ಮಾತಾಡಲಿ?

ಇದೆಲ್ಲ ಬರೆಯಬಾರದೆಂದುಕೊಂಡಿದ್ದೆ.

ಮೈಲಿಸ್


ವೋಬ್ರೂನ್
ನವೆಂಬರ್ 11, 1956

ಮೈಲಿಸ್,

ಕೊಯ್ಲಿಲ್ಲದ ಮೊದಲ ವರ್ಷ ಇದು. ಎರಡು ಯುದ್ಧ ನಡೆಯುವಾಗಲೂ ಕೊಯ್ಲು ನಡೆದಿತ್ತು. ಆದರೂ ಕೊಯ್ಲಿನ ಕೊನೆಯ ದಿನದ ಊಟ ಹಾಕಿಸಿದೆ. ಪ್ರತಿ ವರ್ಷ ಬರುವ ಹೆಂಗಸರು ಬುಟ್ಟಿ ಇಲ್ಲದೆ, ಕೈ ಎಲ್ಲಿಡಬೇಕೆಂದು ತಿಳಿಯದೆ ಬಂದು ಕೂತರು. ಬಾತುಕೋಳಿ ಚೆನ್ನಾಗಿ ಬೆಂದಿತ್ತು. ಯಾರೂ ಹಾಡಲಿಲ್ಲ.

ಪೇಪರಿನಲ್ಲಿ ನಿಮ್ಮ ಕಡೆಯ ಸುದ್ದಿ ದಿನಾ ಬರುತ್ತದೆ. ಸಾಲಿನ ಬಗ್ಗೆ ಚಿಂತೆಯಾಗುತ್ತದೆ. ಅದು ಕಿಟಕಿಗೆ ಹತ್ತಿರವಿದೆ ಅಂದೆಯಲ್ಲ, ಒಳ್ಳೆಯದೇ. ರಾತ್ರಿ ದೀಪ ಹಚ್ಚಿಡುತ್ತೀರಾ? ಜನವರಿಯಲ್ಲಿ ಕಡ್ಡಿ ಕತ್ತರಿಸಿದ ಮೇಲೆ ಹೇಗೆ ಕಳಿಸುತ್ತೀ? ಅಂಚೆಯಲ್ಲಿ ಒಣಗಿಹೋಗುತ್ತದೆ. ಹಡಗಿನಲ್ಲಿ ಬರುವ ನಂಬಿಕಸ್ತರು ಯಾರಾದರೂ ಇದ್ದರೆ ನೋಡು. ಕಸಿಯ ಕೆಲಸ ಬಲ್ಲವರಾದರೆ ಇನ್ನೂ ಒಳ್ಳೆಯದು. ಫಿರ್ಮಾಂನ ಕೈ ನಡುಗುತ್ತದೆ.

ನಿನ್ನ ತಾಯಿ


ಮಸ್ಕಾರ
ಡಿಸೆಂಬರ್ 2, 1956

ಅಮ್ಮ,

ನಂಬಿಕಸ್ತರು, ಕಸಿ ಬಲ್ಲವರು. ಅವರಿಗೊಂದು ಹೆಸರಿದೆ, ನೀನೇ ಇಟ್ಟದ್ದು. ಅದನ್ನು ಬರೆಯಲು ನಿನ್ನ ಪೆನ್ನಿಗೆ ಶಾಯಿ ಸಾಲಲಿಲ್ಲವೇ?

ಸಾಲು ಹೇಗಿದೆ, ಬೇಲಿ ಹೇಗಿದೆ, ದೀಪ ಹಚ್ಚಿಡುತ್ತೀರಾ. ನೀನು ಹೇಗಿದ್ದೀ ಎಂದು ಒಂದು ಸಲವಾದರೂ ಕೇಳಿದೆಯಾ? ನಾನು ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳಾದವು. ರಮೋನ್ ಬಂದೂಕು ಪಕ್ಕದಲ್ಲಿಟ್ಟುಕೊಂಡು ಉಣ್ಣುತ್ತಾನೆ. ನಾಯಿ ಬೊಗಳಿದರೆ ಇಬ್ಬರ ಕೈಯಿಂದಲೂ ಚಮಚ ಬೀಳುತ್ತದೆ. ಅಪ್ಪನ ಮಣ್ಣಿಗೆ ಬಂದಾಗಲೂ ರಮೋನ್ ಲಿಬೂರ್ನ್‌ನ ಹೋಟೆಲಿನಲ್ಲಿ ಕೂತಿದ್ದ, ನೀನು ಕರೆಯಲಿಲ್ಲವೆಂದು. ನಾನು ಯಾವ ಬಾಯಲ್ಲಿ ಅವನನ್ನು, ಹೊರಡು, ನಮ್ಮ ಮನೆಗೆ ಹೋಗೋಣ ಅನ್ನಲಿ?

ನಿನ್ನ ಕಡ್ಡಿ ನಿನಗೆ ತಲುಪುತ್ತದೆ. ಹೆದರಬೇಡ.

ಮೈಲಿಸ್


ವೋಬ್ರೂನ್
ಡಿಸೆಂಬರ್ 10, 1956

ಮೈಲಿಸ್, ಮಗಳೇ,

ಬಾ.

ಕಡ್ಡಿ ಬಿಡು. ಜನವರಿಗೆ ಕಾಯಬೇಡ. ತೋಟಗಾರಿಕೆಯವನಿಗೆ ಹೇಳಿ ಕಳಿಸಿದ್ದೇನೆ, ಹಳೆ ತೋಟ ಕಿತ್ತರೆ ಕೀಳಲಿ. ಯುಲಾಲಿಗೆ ಮೇಲೆ ಹೋದಾಗ ನಾನೇ ಉತ್ತರ ಕೊಡುತ್ತೇನೆ. ಬಳ್ಳಿಯ ಬಗ್ಗೆ ಕೇಳಿದಾಗಲೆಲ್ಲ ನಿನ್ನ ಬಗ್ಗೆಯೇ ಕೇಳುತ್ತಿದ್ದೆ. ಬೇರೆ ಥರ ಕೇಳುವುದು ನನಗೆ ಯಾರೂ ಕಲಿಸಲಿಲ್ಲ.

ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿಸಿದ್ದೇನೆ.

ಅಮ್ಮ


ಓರಾನ್, ಬಂದರು
ಜನವರಿ 24, 1957

ಅಮ್ಮ,

ಈ ಪತ್ರ ನನಗಿಂತ ಒಂದು ದಿನ ಮೊದಲು ತಲುಪಬಹುದು, ಅಥವಾ ನಾನೇ ಅದನ್ನು ಅಂಚೆಯವನ ಕೈಯಿಂದ ಇಸಿದುಕೊಳ್ಳಬಹುದು.

ನಿನ್ನ ಪತ್ರ ಬಂದ ಮೇಲೂ ನಾನು ಹೊರಡಲಿಲ್ಲ. ನೀನು ಕರೆದದ್ದು ನನ್ನೊಬ್ಬಳನ್ನು. ಅದನ್ನು ರಮೋನ್‌ಗೆ ಓದಿ ಹೇಳಲಿಲ್ಲ, ಆದರೆ ಅವನು ಓದಿದ್ದ ಅನ್ನಿಸುತ್ತದೆ.

ಹೋದ ಶನಿವಾರ ನಮ್ಮ ತೋಟವನ್ನೂ ಕೊಯ್ದರು. ಸಿಪಾಯಿಗಳನ್ನು ಹಿಂದಿನ ವಾರವೇ ಬೇರೆಲ್ಲಿಗೋ ಕಳಿಸಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ಕಿಟಕಿ ತೆಗೆದರೆ ನನ್ನ ಸಾಲೂ ಬಿದ್ದಿತ್ತು. ಪ್ರತಿ ಬಳ್ಳಿಯನ್ನೂ ಮೊಣಕಾಲೆತ್ತರಕ್ಕೆ, ನೀಟಾಗಿ. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಕಾಫಿ ಉಕ್ಕಿತು. ಆಗ ಥಟ್ಟನೆ ಹೊಳೆಯಿತು: ಎಲೆ ಉದುರಿ ಬಳ್ಳಿ ಮಲಗಿದೆ, ಜನವರಿ ತಿಂಗಳು, ನೆಲದ ಮೇಲೆ ಬಿದ್ದಿರುವುದು ಬೆರಳ ಗಾತ್ರದ ಕಡ್ಡಿ! ಇನ್ನೆರಡು ದಿನದಲ್ಲಿ ಅದನ್ನೇ ನಾನು ಕತ್ತರಿಸುವವಳಿದ್ದೆ. ಕೊಂದವರು ನನ್ನ ಕೆಲಸ ಮಾಡಿಟ್ಟು ಹೋಗಿದ್ದರು.

ನಾನು ಹೊರಗೋಡಿ ಬಾಚತೊಡಗಿದೆ, ಬಿಸಿಲೇರಿದರೆ ಒಣಗುತ್ತದೆಂದು. ಕದ್ದೂರ್ ಸಾಲಿನ ತುದಿಯಲ್ಲಿ ನಿಂತು ನೋಡುತ್ತಿದ್ದ. "ಕೊಯ್ದೋರು ಯಾರು ಅಂತ ನನ್ನ ಕೇಳ್ಬೇಡಿ" ಅಂದ. "ಕೇಳಲ್ಲ" ಅಂದೆ. ಹತ್ತಿರ ಬಂದು, "ಇವು ನಿಮ್ಮಪ್ಪ ಕೊಟ್ಟಿದ್ದಲ್ವಾ? ಇದ್ರಲ್ಲಿ ನಮ್ಮ ಜಗಳ ಏನಿಲ್ಲ" ಎನ್ನುತ್ತ ಬಗ್ಗಿ ಆರಿಸತೊಡಗಿದ. ಮಧ್ಯಾಹ್ನದವರೆಗೆ ಇಬ್ಬರೂ ಕಟ್ಟು ಕಟ್ಟಿದೆವು. ಒದ್ದೆ ಮರಳಿನ ಪೆಟ್ಟಿಗೆಗಳಲ್ಲಿ ತುಂಬಿಸಿದ್ದೇನೆ.

ರಮೋನ್ ಬಂದರಿನವರೆಗೆ ಬಂದ. ಹಡಗು ಹತ್ತಲಿಲ್ಲ. "ನೀನು ಹೋಗಿ ಕಸಿ ಕಟ್ಟು. ಹಾಳಾದ ತೋಟ ಬಿಟ್ಟು ಓಡಿಬಂದೋನು ಅಂತ ನಿಮ್ಮಮ್ಮನ ಬಾಗಿಲಲ್ಲಿ ನಿಲ್ಲೋಕೆ ನನ್ಕೈಲಿ ಆಗಲ್ಲ" ಅಂದ. ಪೆಟ್ಟಿಗೆಗಳನ್ನು ತಾನೇ ಹೊತ್ತು ಒಳಗಿಟ್ಟು, ಬಿಸಿ ತಾಗದ ಜಾಗ ನೋಡಿ, ಮೇಲೆ ತನ್ನ ಕೋಟು ಹೊದಿಸಿ ಇಳಿದು ಹೋದ. ಹಿಂತಿರುಗಿ ನೋಡಲಿಲ್ಲ.

ಮೈಲಿಸ್


ವೋಬ್ರೂನ್
ಜೂನ್ 15, 1957

ರಮೋನ್ ಸೆರ್ವೇರ ಅವರಿಗೆ,

ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಏನೆಂದು ಶುರುಮಾಡಬೇಕೆಂದು ತಿಳಿಯದೆ ಮೂರು ಹಾಳೆ ಒಲೆಗೆ ಹಾಕಿದ್ದೇನೆ. ಆದ್ದರಿಂದ ಬಳ್ಳಿಯ ಸುದ್ದಿಯಿಂದಲೇ ಶುರುಮಾಡುತ್ತೇನೆ, ಅದಾದರೆ ನನಗೆ ಬರುತ್ತದೆ.

ಕಸಿ ಹಿಡಿದಿದೆ. ಸರ್ಕಾರದವರು ಹಳೆ ಬೇರು ಕೀಳಲು ಬರುವ ಮೊದಲೇ ಕಡ್ಡಿ ಬಂದು ತಲುಪಿತ್ತು. ಏಪ್ರಿಲ್‌ನಲ್ಲಿ ಬುಡ ಬಿಡಿಸಿ, ಹಳೆ ಬೇರಿನ ತಲೆ ಸೀಳಿ, ನೀವು ಹಡಗಿಗೆ ಹೊತ್ತುಕೊಟ್ಟ ಕಡ್ಡಿಗಳನ್ನು ಒಂದೊಂದಾಗಿ ಕೂರಿಸಿದಳು ಮೈಲಿಸ್. ನಾನು ನಾರು ಕಟ್ಟಿದೆ, ಫಿರ್ಮಾಂ ಮಣ್ಣು ಏರಿಸಿದ. ಊರಿನವರು ಬೇಲಿಯಾಚೆ ನಿಂತು, ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಈ ಸಲ ಯಾರೂ ಬಾಟಲಿ ತೆರೆಯಲಿಲ್ಲ. ಮೊದಲ ಎಲೆ ಮಣ್ಣಿನಿಂದ ಹೊರಬಂದಾಗ ಮೂವರೂ ಮಂಡಿಯೂರಿ ಅದರ ಬೆನ್ನು ತಿರುಗಿಸಿ ನೋಡಿದೆವು. ನಮ್ಮದೇ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಹಳೆ ತೋಟ ಪೂರ್ತಿ ಹಸಿರಾಗಿದೆ. ಈ ಬಳ್ಳಿಯಿಂದ ವೈನು ಬರಲು ಇನ್ನೂ ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಎಲೆಕೋಸಿನ ಸೂಪು ಕುಡಿದುಕೊಂಡಿರುತ್ತೇವೆ.

ಇನ್ನು ಮಗಳ ಸುದ್ದಿ. ಅವಳು ಚೆನ್ನಾಗಿಲ್ಲ. ಹಗಲೆಲ್ಲ ಎತ್ತಿನ ಹಾಗೆ ದುಡಿಯುತ್ತಾಳೆ, ಸಂಜೆ ಊಟಕ್ಕೆ ಕೂತರೆ ತುತ್ತು ಇಳಿಯುವುದಿಲ್ಲ. ಅಂಚೆಯವನ ಸೈಕಲ್ಲಿನ ಸದ್ದಿಗೆ ಅರ್ಧ ಎದ್ದು ಮತ್ತೆ ಕೂರುತ್ತಾಳೆ. ನೀವು ವಾರಕ್ಕೊಂದು ಪತ್ರ ಬರೆಯುತ್ತೀರಿ, ಎಲ್ಲ ಸರಿಯಿದೆ ಎಂದು. ಏನೂ ಸರಿಯಿಲ್ಲವೆಂದು ನಾನೂ ಪೇಪರಿನಲ್ಲಿ ಓದುತ್ತೇನೆ. ನಿಮ್ಮ ತಾಯಿಯ ಸಮಾಧಿ ಅಲ್ಲಿದೆ, ಹುಟ್ಟಿದ ನೆಲ ಅದು. ಬಿಟ್ಟು ಬನ್ನಿ ಎಂದು ಸುಲಭವಾಗಿ ಹೇಳುವಷ್ಟು ದಡ್ಡಿಯಲ್ಲ ನಾನು. ನನ್ನನ್ನು ಯಾರಾದರೂ ವೋಬ್ರೂನ್ ಬಿಟ್ಟು ಬಾ ಅಂದಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದೆ.

ನಿಮ್ಮ ವೈನಿನ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಅದರ ಒಂದು ಹನಿಯೂ ನಮ್ಮ ಪೀಪಾಯಿಗೆ ಬೀಳಕೂಡದು. ಆದರೆ ನೀವು ವೈನಲ್ಲ. ನಿಮ್ಮನ್ನು ಲಿಬೂರ್ನ್‌ನ ಹೋಟೆಲಿನಲ್ಲಿ ಕೂರಿಸಿದೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಊಟಕ್ಕೆ ಕರೆಯುವುದು ಬರುತ್ತದೆ.

ಮನೆಯ ಹಿಂದಿನ ತೋಟವೆಲ್ಲ ಬರಿದಾಗಿದೆ, ಉಳಬೇಕು, ನೆಡಬೇಕು. ಫಿರ್ಮಾಂನ ಬೆನ್ನು ಬಗ್ಗುವುದಿಲ್ಲ. ಹೀಗಾಗಿ ನೀವು ಯಾರ ಬಾಗಿಲಲ್ಲೂ ಕೈ ಚಾಚಿ ನಿಲ್ಲುವ ಮಾತೇ ಇಲ್ಲ. ಬಂದ ದಿನವೇ ನೇಗಿಲು ಹಿಡಿಸುತ್ತೇನೆ. ಮೈಲಿಸ್ ಜಗಳಕ್ಕೆ ಬರುತ್ತಾಳೆ, ಬರಲಿ.

ನಾನು ಬರೆಯುತ್ತಿರುವುದು ಅವಳಿಗೆ ತಿಳಿಯದು. ಅವಳು ನಿಮ್ಮನ್ನು ಬನ್ನಿ ಎಂದು ಕೇಳುವವಳಲ್ಲ, ಸತ್ತರೂ ಕೇಳುವುದಿಲ್ಲ. ಯಾರ ಮಗಳು ಹೇಳಿ. ಅದಕ್ಕೇ ನಾನು ಕೇಳುತ್ತಿದ್ದೇನೆ.

ಬನ್ನಿ.

ನಿಮ್ಮ ಅತ್ತೆ,
ಲಿಯೊಂತೀನ್